ಕಣ್ಣಿಗೆ ಹಬ್ಬ, ಕಿಡ್ನಿಗೆ ಕಬ್ಬಿಣದ ಕಡಲೆ

ರಾಮನಗರದ ಸಂತೇಲಿ ಸೊಪ್ಪಿನಜ್ಜಿ ಮುಂದೆ ಕುಕ್ಕರಗಾಲಲ್ಲಿ ಕೂತು ನೀವು ಕೊತ್ತಂಬರಿ ಆರಿಸೋ ವೈಖರಿ ಇದೆಯಲ್ಲ, ಅದನ್ನ ನೋಡೋಕೇ ಒಂದು ಚೆಂದ ಕಣ್ರೀ. ಒಂದು ಕಟ್ಟು ಎತ್ತೋದು, ಕೊಡವೋದು, ಮೂಸೋದು, ಮತ್ತೆ ಇಡೋದು. ಎಲೇಲಿ ಒಂದು ತೂತು ಕಂಡ್ರೆ ಸಾಕು, "ಏನಜ್ಜಿ, ಹುಳ ತಿಂದೈತೆ" ಅಂತ ಅತ್ಲಾಗೆ ಬಿಸಾಕ್ತೀರಿ. (ಪಾಪ, ಆ ಹುಳ ನಿಮಗಿಂತ ಮೊದಲೇ ರುಚಿ ನೋಡಿ ಪಾಸ್ ಮಾಡಿತ್ತು.)

"ನೆನ್ನೇದಾ, ಇವತ್ತಿಂದಾ?" ಅಂತ ಕೇಳ್ತೀರಿ. "ಐವತ್ತಕ್ಕೆ ನಾಕು ಕಟ್ಟು ಹಾಕಲ್ವಾ?" ಅಂತ ಚೌಕಾಸಿ ಮಾಡ್ತೀರಿ. ಎಲ್ಲಾ ಸರಿ. ಆದ್ರೆ ಎದೆ ಮುಟ್ಕೊಂಡು ಹೇಳಿ, ಒಂದು ಸಲನಾದ್ರೂ "ಇದಕ್ಕೆ ಯಾವ ನೀರು ಹಾಯಿಸಿದ್ರಿ?" ಅಂತ ಕೇಳಿದೀರಾ?

ಕೇಳಿರಲ್ಲ ಬಿಡಿ. ನಾವೆಲ್ಲಾ ಕಣ್ಣಲ್ಲೇ ಅರ್ಧ ಊಟ ಮುಗಿಸೋರು. ಹಸಿರು ಅಂದ್ರೆ ಕಡು ಹಸಿರೇ ಆಗ್ಬೇಕು, ಅರಿಶಿನ ಅಂದ್ರೆ ಕಣ್ಣು ಕುಕ್ಕಬೇಕು, ಮಾವಿನಹಣ್ಣು ಯುಗಾದಿಗೇ ಹಳದಿ ತಿರುಗಿರಬೇಕು, ಪಾತ್ರೆ ಫಳಫಳ ಅನ್ಬೇಕು. ಮಾರೋನು ದಡ್ಡನೇನ್ರೀ? ನಿಮ್ಮ ಕಣ್ಣು ಏನ್ ಕೇಳುತ್ತೋ ಅದನ್ನೇ ಕೊಡ್ತಾನೆ.

ತಮಾಷೆ ಏನಪ್ಪಾ ಅಂದ್ರೆ, ಭಯ ಪಡಬೇಕಾದ ಪದಾರ್ಥಗಳು ಈ ಕಣ್ಣಿಗೇ ಬೀಳಲ್ಲ. ಸೀಸ, ಕ್ಯಾಡ್ಮಿಯಂ, ಪಾದರಸ, ಆರ್ಸೆನಿಕ್. (ಆರ್ಸೆನಿಕ್ ಪೂರ್ತಿ ಲೋಹ ಅಲ್ಲ, ಅರೆಲೋಹ ಅಂತ ಕೆಮಿಸ್ಟ್ರಿ ಮೇಷ್ಟ್ರು ಕಿವಿ ಹಿಂಡ್ತಾರೆ, ಹಿಂಡ್ಲಿ.) ಊಟದಲ್ಲಿರೋ ಅಷ್ಟು ಕಮ್ಮಿ ಪ್ರಮಾಣದಲ್ಲಿ ಇವಕ್ಕೆ ವಾಸನೆ ಇಲ್ಲ, ರುಚಿ ಇಲ್ಲ, ನಾಲಿಗೆ ಸುಡಲ್ಲ. ತಿಂದ ಮಾರನೇ ದಿನ ಹೊಟ್ಟೆನೂ ಕೆಡಲ್ಲ. ಹಂಗಾಗಿ ನಿಮಗೆ ಅನುಮಾನನೇ ಬರಲ್ಲ.

ಒಳಗೆ ಹೋದ್ಮೇಲೆ ಏನ್ಮಾಡ್ತವೆ ಗೊತ್ತಾ? ಸೀಸ ತಾನೂ ಕ್ಯಾಲ್ಸಿಯಮ್ಮೇ ಅಂತ ವೇಷ ಹಾಕ್ಕೊಂಡು ಮೂಳೇಲಿ ಠಿಕಾಣಿ ಹೂಡುತ್ತೆ. ಕ್ಯಾಡ್ಮಿಯಂ ಕಿಡ್ನಿಗೆ ಹೋಗಿ ಕೂರುತ್ತೆ. ಕೂತಿದ್ದರಲ್ಲಿ ಅರ್ಧ ಹೊರಗೆ ಹೋಗೋಕೇ 10ರಿಂದ 30 ವರ್ಷ ಬೇಕು. ಸೀಸ ಇಷ್ಟಿದ್ರೆ ಪರವಾಗಿಲ್ಲ ಅನ್ನೋ ಮಟ್ಟನೇ ಗೊತ್ತಿಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ. ಮೆಲ್ಲಗೆ ಬಂದು ಗಟ್ಟಿಯಾಗಿ ಕೂರೋ ಗಿರಾಕಿಗಳು ಇವು.

ಸರಿ, ಇವು ನಮ್ಮೂರಿಗೆ ಹೆಂಗೆ ಬಂದ್ವು ಅಂತೀರಾ? ನಿಮ್ಮ ಚಿಕ್ಕಪ್ಪನ ಮಗ ಬೆಂಗಳೂರಲ್ಲಿ ಇದ್ದಾನಲ್ಲ, ಅವನ್ನೇ ಕೇಳಿ. ಬಸವನಗುಡಿ ದೊಡ್ಡ ಬಸವನ ಪಾದದ ಹತ್ರ ಹುಟ್ಟೋ ವೃಷಭಾವತಿ, ಹೆಸರಿಗೆ ಪುಣ್ಯನದಿ. ಮೈಸೂರು ರಸ್ತೆಯ ಗಾಳಿ ಆಂಜನೇಯನ ಪಕ್ಕಕ್ಕೆ ಬರೋ ಹೊತ್ತಿಗೆ ಅದು ಮೂಗು ಮುಚ್ಕೊಂಡು ಕೈಮುಗಿಯೋ ನದಿ. ಊರಿನ ಕೊಳಚೆ ಜೊತೆಗೆ ಕಾರ್ಖಾನೆಗಳ, ಬಣ್ಣದ ಘಟಕಗಳ, ಲೋಹಕ್ಕೆ ಪಾಲಿಶ್ ಹಾಕೋ ಶೆಡ್ಡುಗಳ ನೀರೂ ಸೇರ್ಕೊಂಡು ಕೆಂಗೇರಿ ದಾಟುತ್ತೆ.

ದಾಟಿ ಎಲ್ಲಿಗೆ ಬರುತ್ತೆ? ಬಿಡದಿ ಪಕ್ಕದ ಬೈರಮಂಗಲ ಕೆರೆಗೆ. ಕೆರೆ ಕೋಡಿ ಹತ್ರ ನೊರೆ ಎದ್ದು ಗಾಳಿಗೆ ಹಾರೋದನ್ನ ನೀವೇ ಮೊಬೈಲಲ್ಲಿ ಹಿಡಿದು ಸ್ಟೇಟಸ್ ಹಾಕಿದೀರಿ. ("ಸ್ನೋಫಾಲ್ ಇನ್ ಬಿಡದಿ" ಅಂತ ಬರೆದಿದ್ರಿ, ನಮಗೆ ನೆನಪಿದೆ.) ಅಲ್ಲಿಂದ ಕಾಲುವೆ, ಕಾಲುವೆಯಿಂದ ಗದ್ದೆ. ಮಿಕ್ಕಿದ್ದು ಕನಕಪುರ ತಾಲ್ಲೂಕಲ್ಲಿ ಅರ್ಕಾವತಿ ಸೇರಿ, ಸಂಗಮದಲ್ಲಿ ಕಾವೇರಿ ಪಾಲಾಗುತ್ತೆ.

ಒಂದು ಕಾಲಕ್ಕೆ ಬೈರಮಂಗಲದ ಅಚ್ಚುಕಟ್ಟು ಅಂದ್ರೆ ಭತ್ತದ ಸೀಮೆ. ನೀರು ಕೆಟ್ಮೇಲೆ ಭತ್ತ ಸೊರಗ್ತು. ರೈತರು ಏನ್ಮಾಡ್ಬೇಕು, ಹೇಳಿ? ಆ ನೀರಲ್ಲೂ ಬರೋ ಬೇಬಿ ಕಾರ್ನ್, ನೇಪಿಯರ್ ಹುಲ್ಲು, ಹಿಪ್ಪುನೇರಳೆ ಹಾಕಿದ್ರು. ಹುಲ್ಲು ಹಸೂಗೆ, ಹಸು ಹಾಲು ಡೈರಿಗೆ, ಬೇಬಿ ಕಾರ್ನ್ ಮಾರ್ಕೆಟ್ಟಿಗೆ. ಅಲ್ಲಿಂದ ವಾಪಸ್ಸು ಬೆಂಗಳೂರಿಗೇ.

ಬರ್ತ್‌ಡೇ ಪಾರ್ಟಿಗೆ ಹೋದ್ರೆ ರಿಟರ್ನ್ ಗಿಫ್ಟ್ ಕೊಟ್ಟು ಕಳಿಸ್ತಾರಲ್ಲ, ಹಂಗೇ ಇದು. ಅವರು ಮೋರಿಗೆ ಬಿಟ್ಟಿದ್ದು ಮಂಚೂರಿ ಆಗಿ ಅವರ ಪ್ಲೇಟಿಗೇ ಹೋಗುತ್ತೆ. ನೀವು ಕಿಸಕ್ ಅಂತ ನಗಬೇಡಿ. 2025ರಿಂದ ನಮ್ಮ ಜಿಲ್ಲೆಗೂ ಬೆಂಗಳೂರು ದಕ್ಷಿಣ ಅಂತ ಹೆಸರಿಟ್ಟಾಯ್ತು. ಸೈಟಿನ ರೇಟು ಏರುತ್ತೆ ಅಂತ ಪಟಾಕಿ ಹೊಡೆದೋರು ನೀವೇ ತಾನೇ? ಗಿಫ್ಟಲ್ಲೂ ಪಾಲು ತಗೊಳ್ಳಿ.

ಇನ್ನೊಂದು ಕಡೆ ನೋಡಿ. ಮಾಗಡಿ ರಸ್ತೆಯ ತಿಪ್ಪಗೊಂಡನಹಳ್ಳಿ ಜಲಾಶಯ 1933ರಿಂದ ಅದೇ ಬೆಂಗಳೂರಿಗೆ ಅರ್ಕಾವತಿಯ ಕುಡಿಯೋ ನೀರು ಕೊಡ್ತಿತ್ತು. ನೀರು ಕೆಟ್ಟು, ಬತ್ತಿ, 2012ರಲ್ಲಿ ಅದೂ ನಿಂತೋಯ್ತು. ನಾವು ಕಳಿಸಿದ್ದು ಕುಡಿಯೋ ನೀರು, ಅವರು ಕಳಿಸಿದ್ದು ಕಚಡಾ ನೀರು. (ಸಂಬಂಧ ಕಟ್ಕೊಂಡ್ರೆ ಹಿಂಗೇ, ಕೆಲವು ಬೀಗರು ಹಂಗೇ ಇರ್ತಾರೆ.)

"ಅಯ್ಯೋ, ನಾನು ಸಂತೇಲಿ ತಗೊಳ್ಳೋದೇ ಇಲ್ಲ, ನಂದೆಲ್ಲಾ ಆರ್ಗ್ಯಾನಿಕ್ ಅಂಗಡಿ" ಅಂತ ಹುಬ್ಬೇರಿಸಬೇಡಿ. 2023ರಲ್ಲಿ ಬೆಂಗಳೂರಿನ ಪರಿಸರ ನಿರ್ವಹಣೆ ಮತ್ತು ನೀತಿ ಸಂಶೋಧನಾ ಸಂಸ್ಥೆಯ ವರದಿ ಪೇಪರಲ್ಲಿ ಬಂತಲ್ಲ, ಓದಿದ್ರಾ? 20 ಅಂಗಡಿಗಳಿಂದ ಹತ್ತು ಬಗೆ ತರಕಾರಿ, 400 ಸ್ಯಾಂಪಲ್ಲು. ಲೋಕಲ್ ಮಾರ್ಕೆಟ್ಟು, ಏಸಿ ಸೂಪರ್ ಮಾರ್ಕೆಟ್ಟು, ಆರ್ಗ್ಯಾನಿಕ್ ಅಂಗಡಿ, ಯಾವ ಜಾತಿನೂ ಬಿಡಲಿಲ್ಲ.

ಸೀಸ, ಕ್ಯಾಡ್ಮಿಯಂ, ನಿಕ್ಕಲ್, ಕಬ್ಬಿಣ ಮಿತಿ ಮೀರಿದ ತರಕಾರಿ ಎಲ್ಲಾ ಕಡೆ ಸಿಕ್ತು. ಸೊಪ್ಪಿಗೆ ಅಂತರರಾಷ್ಟ್ರೀಯ ಮಿತಿ ಎಷ್ಟು ಗೊತ್ತಾ? ಕೆಜಿಗೆ ಸೀಸ 0.3 ಮಿಲಿಗ್ರಾಂ, ಕ್ಯಾಡ್ಮಿಯಂ 0.2 ಮಿಲಿಗ್ರಾಂ. ಆರ್ಗ್ಯಾನಿಕ್ ಅಂದ್ರೆ ಔಷಧಿ ಹೊಡೆದಿಲ್ಲ ಅಂತ ಅರ್ಥ ಸ್ವಾಮಿ, ಕಾಲುವೇಲಿ ಏನ್ ಹರೀತು ಅನ್ನೋದನ್ನ ಆ ಬೋರ್ಡು ಹೇಳಲ್ಲ.

ಸೊಪ್ಪೇ ಯಾಕೆ ಮೊದಲು ಸಿಕ್ಕಿಬೀಳುತ್ತೆ? ಪಾಲಕ್, ದಂಟು, ಮೆಂತ್ಯ ಎಲ್ಲಾ ನೆಲದಲ್ಲಿರೋ ಕ್ಯಾಡ್ಮಿಯಮ್ಮನ್ನ ಬೇರಿಂದ ಸೊರ್ ಅಂತ ಎಳ್ಕೊಂಡು ಎಲೆಗೆ ಏರಿಸ್ಕೊಳ್ಳುತ್ವೆ. ಸೀಸ ಅಷ್ಟು ಸಲೀಸಾಗಿ ಮೇಲೆ ಹತ್ತಲ್ಲ, ಹೆಚ್ಚಾಗಿ ಧೂಳಾಗಿ, ಮಣ್ಣಾಗಿ ಎಲೆ ಮೇಲೆ ಕೂತಿರುತ್ತೆ. ಹಂಗಾಗಿ ಮೂರು ನೀರಲ್ಲಿ ತೊಳೆದ್ರೆ ಸೀಸ ಒಂದಷ್ಟು ಹೋಗುತ್ತೆ. ಕ್ಯಾಡ್ಮಿಯಂ ಮಾತ್ರ ಎಲೆ ಒಳಗೇ ಕೂತು ನಿಮ್ಮ ಉಪ್ಪುನೀರನ್ನ ನೋಡಿ ನಗುತ್ತೆ.

"ಬೇಯಿಸಿ ನೀರು ಬಸಿದ್ರಾಯ್ತು" ಅಂದ್ರಾ? ಆಹಾ! ಬಸಿದ ನೀರನ್ನ ನಾವು ಚೆಲ್ತೀವೇನ್ರೀ? ಅದಕ್ಕೇ ಈರುಳ್ಳಿ, ಬೆಳ್ಳುಳ್ಳಿ, ಕಾಯಿ ರುಬ್ಬಿ ಹಾಕಿ ಬಸ್ಸಾರು ಅಂತ ಸೊರ್‌ಸೊರ್ ಅಂತ ಕುಡಿಯೋದು. ಅನ್ನದ ಕಥೆನೂ ಇದೇ. ಹೆಚ್ಚು ನೀರಿಟ್ಟು ಗಂಜಿ ಬಸಿದ್ರೆ ಅಕ್ಕೀಲಿರೋ ಆರ್ಸೆನಿಕ್ ಕಮ್ಮಿ ಆಗುತ್ತೆ. ಬಸಿದ ಗಂಜಿಗೆ ಉಪ್ಪು, ಮಜ್ಜಿಗೆ ಬೆರೆಸಿ ಕುಡಿದು ಲೆಕ್ಕ ಸರಿ ಮಾಡ್ಕೊತೀವಿ.

ಒಂದು ಒಳ್ಳೇ ಸುದ್ದಿ ಹೇಳ್ಲಾ? ನಿಮ್ಮ ಮುದ್ದೆ ನಿಮ್ಮ ಪಾರ್ಟಿನೇ. ರಾಗೀಲಿ 100 ಗ್ರಾಂಗೆ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಮೈಯಲ್ಲಿ ಕ್ಯಾಲ್ಸಿಯಂ, ಕಬ್ಬಿಣ ಕಮ್ಮಿ ಇದ್ದೋರಿಗೆ, ಖಾಲಿ ಹೊಟ್ಟೇಲಿ ಇರೋರಿಗೆ ಸೀಸ ಜಾಸ್ತಿ ಹತ್ಕೊಳ್ಳುತ್ತೆ. ಮಾಗಡಿ ಹೊಲದ ರಾಗಿ ಮಳೆ ನಂಬಿ ಬೆಳೆಯೋದು, ಅದಕ್ಕೆ ಯಾವ ಮೋರಿ ಹಂಗೂ ಇಲ್ಲ. (ನಿಮ್ಮ ಮಗನಿಗೆ ಮುದ್ದೆ ಬೇಡ, ಓಟ್ಸೇ ಬೇಕು, ಅದು ಬೇರೆ ವಿಷಯ.)

ಈಗ ಅಡುಗೆಮನೆ ಡಬ್ಬಿ ತೆಗೀರಿ. ಅರಿಶಿನ ನೋಡ್ದಾಗ ನಿಮಗೆ ಖುಷಿ ಯಾವಾಗ? ಚಿಟಿಕೆ ಹಾಕಿದ್ರೆ ಚಿತ್ರಾನ್ನ ಪೂರ್ತಿ ಹಳದಿ ಸ್ಕೂಲ್ ಬಸ್ಸಾದಾಗ ತಾನೇ? ಪೇಲವವಾಗಿದ್ರೆ "ಈ ಸಲ ಅರಿಶಿನ ಸರಿಯಿಲ್ಲ" ಅಂತ ಅಂಗಡಿಯವರ ಹತ್ರ ಜಗಳ. ಆ ಜಗಳ ತಪ್ಪಿಸೋಕೆ ಅಂತಲೇ ಒಂದು ಪುಡಿ ಇದೆ, ಲೆಡ್ ಕ್ರೋಮೇಟ್ ಅಂತ. ಪೇಂಟಿಗೆ ಹಾಕೋ ಹಳದಿ. ಅದರಲ್ಲಿ ಸೀಸವೇ ಇರೋದು.

ಬಾಂಗ್ಲಾದೇಶದಲ್ಲಿ ಏನಾಯ್ತು ಕೇಳಿ. 1980ರ ದಶಕದಲ್ಲಿ ಪ್ರವಾಹ ಬಂದು ಅರಿಶಿನ ಸರಿಯಾಗಿ ಒಣಗಲಿಲ್ಲ, ಬಣ್ಣ ಮಂಕಾಯ್ತು. ಗಿರಾಕಿಗಳು ಮುಖ ಸಿಂಡರಿಸಿದ್ರು. ಕೊಂಬಿಗೆ ಪಾಲಿಶ್ ಹಾಕೋರು ಸ್ವಲ್ಪ ಲೆಡ್ ಕ್ರೋಮೇಟ್ ಸವರಿದ್ರು, ಗಿರಾಕಿಗಳ ಮುಖ ಅರಳ್ತು. ಅರಳಿದ ಮುಖ ನೋಡ್ಕೊಂಡೇ ಮೂರು ದಶಕ ಸವರಿದ್ರು.

ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರೂ ಢಾಕಾದ ಸಂಶೋಧಕರೂ ಕೂಡಿ ಅದನ್ನ ಬಯಲಿಗೆಳೆದ್ಮೇಲೆ, 2019ರಲ್ಲಿ ಅಲ್ಲಿನ ಸರ್ಕಾರ ಮಾರ್ಕೆಟ್ಟಿಗೇ ನುಗ್ಗಿ ದಂಡ ಹಾಕ್ತು, ಊರೂರಲ್ಲಿ ನೋಟಿಸ್ ಅಂಟಿಸ್ತು. ಮಾರುಕಟ್ಟೇಲಿ 47 ಪರ್ಸೆಂಟ್ ಇದ್ದ ಸೀಸದ ಅರಿಶಿನ 2021ಕ್ಕೆ ಸೊನ್ನೆಗೆ ಇಳೀತು. ನೋಡಿ, ಮನಸ್ಸು ಮಾಡಿದ್ರೆ ಎರಡೇ ವರ್ಷದ ಕೆಲಸ.

ನಮ್ಮಲ್ಲಿ? ಅರಿಶಿನದಲ್ಲಿ ಸೀಸಕ್ಕೆ ಆಹಾರ ಸುರಕ್ಷತಾ ಪ್ರಾಧಿಕಾರದ ಮಿತಿ 10 ಪಿಪಿಎಂ. 2024ರಲ್ಲಿ ಬಂದ ಅಧ್ಯಯನದಲ್ಲಿ ಪಾಟ್ನಾದ ಕೆಲವು ಅರಿಶಿನ 1,000 ಪಿಪಿಎಂ ದಾಟಿತ್ತು. "ನಾನು ಪುಡಿ ತರಲ್ಲ, ಕೊಂಬು ತಂದು ಕುಟ್ಟಿಸ್ತೀನಿ" ಅಂತ ಬೀಗಬೇಡಿ, ಬಣ್ಣ ಸವರೋದೇ ಕೊಂಬಿಗೆ! ಪಾಲಿಶ್ ಇಲ್ಲದ, ಮಣ್ಣುಮಣ್ಣಾದ, ನೋಡೋಕೆ ಸೊಟ್ಟಪಟ್ಟ ಕೊಂಬು ಹುಡುಕಿ. ಚಾಮರಾಜನಗರದ ಕಡೆ ಬೆಳೆಯೋರಿದ್ದಾರೆ, ದೂರ ಏನಿಲ್ಲ.

ಇನ್ನು ಚನ್ನಪಟ್ಟಣಕ್ಕೆ ಬನ್ನಿ. ಬೊಂಬೆ ಮಾಡೋರ ಮುಂದೆ ಎರಡು ನಿಮಿಷ ನಿಂತ್ಕೊಳ್ಳಿ. ಆಲೆ ಮರದ ತುಂಡು ಗಿರ್ ಅಂತ ತಿರುಗ್ತಿರುತ್ತೆ. ಅದಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿ ಹಿಡೀತಾರೆ. ಉಜ್ಜಿದ ಬಿಸಿಗೇ ಅರಗು ಕರಗಿ ಮರಕ್ಕೆ ಅಂಟ್ಕೊಳ್ಳುತ್ತೆ. ಮೇಲೆ ಒಣಗರಿ ಒತ್ತಿದ್ರೆ ಮುಖ ನೋಡ್ಕೋಬೋದು, ಅಷ್ಟು ಹೊಳಪು. ಸಸ್ಯದ ಬಣ್ಣ ಬಳಸೋರು ಹಳದಿಗೆ ಹಾಕೋದು ಏನು ಗೊತ್ತಾ? ಅರಿಶಿನ!

ಅಂದ್ರೆ ಲೆಕ್ಕ ಹೆಂಗಾಯ್ತು ನೋಡಿ. ಬೊಂಬೆಗೆ ಅಡುಗೆಮನೆ ಅರಿಶಿನ, ಅಡುಗೆಮನೆ ಅರಿಶಿನಕ್ಕೆ ಪೇಂಟು. ಬೊಂಬೆ ಚೀಪಿದ ಮಗು ಆರಾಮು, ಚಿತ್ರಾನ್ನ ತಿಂದ ಅಪ್ಪನಿಗೆ ಗಾಬರಿ. ಅಷ್ಟಾದ್ರೂ ನೀವು ಮಗೂಗೆ ಕೊಡಿಸೋದು ಜಾತ್ರೇಲಿ ಸಿಗೋ, ಹೆಸರು ದೆಸೆ ಇಲ್ಲದ ಪ್ಲಾಸ್ಟಿಕ್ ಕಾರು. (2007ರಲ್ಲಿ ಚೀನಾದಲ್ಲಿ ತಯಾರಾದ ಲಕ್ಷಗಟ್ಟಲೆ ಆಟಿಕೆಗಳನ್ನ ಬಣ್ಣದಲ್ಲಿ ಸೀಸ ಇದೆ ಅಂತ ಅಮೆರಿಕದಲ್ಲಿ ವಾಪಸ್ ತಗೊಂಡಿದ್ರು, ನೆನಪಿರಲಿ.)

ಮಾವಿನ ವಿಷಯಕ್ಕೆ ಬಂದ್ರೆ ನಿಮ್ಮ ಬಾಯಿ ಚಪಲಕ್ಕೆ ಲಗಾಮೇ ಇಲ್ಲ. ಕೋಲಾರ, ಶ್ರೀನಿವಾಸಪುರದ ಹಣ್ಣಿಗಿಂತ ಮೊದಲೇ ರಾಮನಗರ, ಚನ್ನಪಟ್ಟಣದ ಬಾದಾಮಿ, ಸೇಂದೂರ ಬರೋದು ನಮ್ಮ ಹೆಮ್ಮೆ, ಒಪ್ಪೋಣ. ಅದೂ ಸಾಲದು ಅಂತ ಮಾರ್ಚ್ ತಿಂಗಳಲ್ಲೇ "ಹಣ್ಣು ಬಂತಾ?" ಅಂತ ಗಾಡಿ ನಿಲ್ಲಿಸಿ ಕೇಳಿದ್ರೆ ಅವನೇನ್ಮಾಡ್ತಾನೆ? ಬಲೀದೇ ಇರೋ ಕಾಯಿ ಕಿತ್ತು ಕಾರ್ಬೈಡ್ ಪೊಟ್ಟಣ ಇಡ್ತಾನೆ. ಒಂದೇ ರಾತ್ರಿಗೆ ಸಿಪ್ಪೆ ಹಳದಿ, ಒಳಗೆ ಹುಳಿ.

ಕ್ಯಾಲ್ಸಿಯಂ ಕಾರ್ಬೈಡಿಗೆ ತೇವ ತಾಗಿದ್ರೆ ಅಸಿಟಿಲೀನ್ ಅನಿಲ ಬರುತ್ತೆ, ಅದರ ಜೊತೆ ಆರ್ಸೆನಿಕ್, ರಂಜಕದ ಅಂಶನೂ ಬರುತ್ತೆ. ಅದಕ್ಕೇ ಹಣ್ಣು ಮಾಡೋಕೆ ಕಾರ್ಬೈಡ್ ಬಳಸೋದನ್ನ ಕಾನೂನು ನಿಷೇಧಿಸಿದೆ; ಬೇಕಾದ್ರೆ ಎಥಿಲೀನ್ ಅನಿಲ 100 ಪಿಪಿಎಂವರೆಗೆ ಬಳಸಬಹುದು. ಇಲ್ಲಾ ನಿಮ್ಮಜ್ಜ ಮಾಡ್ತಿದ್ದಂಗೆ ಭತ್ತದ ಹುಲ್ಲಲ್ಲಿ ಅಡೆ ಹಾಕಿ ಕಾಯಿರಿ. ಕಾಯೋದಾ? ನೀವಾ? ಟೋಲ್ ಗೇಟಲ್ಲಿ ಒಂದು ನಿಮಿಷ ನಿಲ್ಲೋಕಾಗಲ್ಲ ನಿಮಗೆ.

ಪಾತ್ರೆ ಕಪಾಟು ತೆಗೆದು ತೋರಿಸ್ತೀರಾ? ರೀಲ್ಸ್ ನೋಡಿ ತಂದ ಹಿತ್ತಾಳೆ ಉರುಳಿ ಇರ್ಬೇಕು, ಇದೆಯಾ? ಅದಕ್ಕೆ ಕಲಾಯಿ ಹಾಕಿಸಿದ್ರಾ? ಹಿಂದೆ ಕಲಾಯಿಯವನು ಬೇವಿನ ಮರದ ಕೆಳಗೆ ತಿದಿ ಒತ್ತಿ, ಪಾತ್ರೆ ಕಾಯಿಸಿ, ನವಸಾಗರದ ಪುಡಿ ಎರಚಿದ್ರೆ ಬುಸ್ ಅಂತ ಬಿಳಿ ಹೊಗೆ. ತವರದ ಕಡ್ಡಿ ಮುಟ್ಟಿಸಿ ಬಟ್ಟೇಲಿ ಸುತ್ತ ಒರೆಸಿದ್ರೆ ಒಳಗೆಲ್ಲಾ ಬೆಳ್ಳಿ ಬೆಳಕು.

ಈಗ ತವರ ದುಬಾರಿ, ಸೀಸ ಅಗ್ಗ. ಎರಡೂ ನೋಡೋಕೆ ಒಂದೇ ಥರ ಹೊಳೀತವೆ. ಅರ್ಧ ರೇಟಿಗೆ ಕಲಾಯಿ ಹಾಕಿಸಿ ಆ ಪಾತ್ರೇಲಿ ಹುಣಸೆಹುಳಿ ಸಾರು ಕುದಿಸಿದ್ರೆ, ಹುಳಿ ಸುಮ್ನಿರುತ್ತಾ? ಲೋಹ ಎಳ್ಕೊಳ್ಳುತ್ತೆ. ಗುಜರಿ ಕರಗಿಸಿ ಮಾಡಿದ ಅಗ್ಗದ ಅಲ್ಯೂಮಿನಿಯಂ ಬಾಣಲೆ ಬಗ್ಗೆನೂ ಹುಷಾರು. ಆಮದಾದ ಕೆಲವು ಪಾತ್ರೆಗಳಿಂದ ಊಟಕ್ಕೆ ಸೀಸ ಇಳೀತಿದೆ ಅಂತ ಅಮೆರಿಕದ ಆಹಾರ ಇಲಾಖೆ 2025ರಲ್ಲಿ ಎಚ್ಚರಿಸಿದೆ. (ತಾಮ್ರದ ಬಾಟಲೀಲಿ ನಿಂಬೆ ಪಾನಕ ತುಂಬ್ಕೊಂಡು ಜಿಮ್‌ಗೆ ಹೋಗೋರು, ನೀವೂ ಇತ್ಲಾಗೆ ತಿರುಗಿ. ತಾಮ್ರದ ಬಾಟಲಿಗೆ ಬರೀ ನೀರು ಮಾತ್ರ.)

ಸಂಜೆ ಕನಕಪುರ ಸರ್ಕಲ್ಲಲ್ಲಿ ಬೋಂಡ ತಿಂದ್ರಿ, ಒಪ್ಪಿದೆ. ಪೇಪರಿನ ಮೇಲಿಟ್ಟು ಎಣ್ಣೆ ಹಿಂಡಿದ್ರಿ, "ನೋಡು, ಎಣ್ಣೆನೆಲ್ಲಾ ತೆಗೆದೆ" ಅಂತ ಆರೋಗ್ಯದ ಪಾಠನೂ ಮಾಡಿದ್ರಿ. ಎಣ್ಣೆ ಪೇಪರಿಗೆ ಹೋಯ್ತು, ಪೇಪರಿನ ಮಸಿ ಬೋಂಡಕ್ಕೆ ಬಂತು. ಮಸೀಲಿ ಸೀಸದಂಥವು ಇರ್ಬೋದು, ಪೇಪರಲ್ಲಿ ತಿಂಡಿ ಕಟ್ಟಬೇಡಿ ಅಂತ 2023ರ ಸೆಪ್ಟೆಂಬರಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ದೇಶಕ್ಕೇ ಹೇಳ್ತು. (ಈ ಪುಟ ಓದಿದ್ಮೇಲೆ ದಯವಿಟ್ಟು ಇದರಲ್ಲೇ ಬಜ್ಜಿ ಕಟ್ಟಬೇಡಿ.)

ನಿಮ್ಮ ಇನ್ನೊಂದು ಗುಣ ಹೇಳ್ಲಾ, ಬೇಜಾರು ಮಾಡ್ಕೋಬಾರ್ದು. 2015ರ ಜೂನಲ್ಲಿ ಮ್ಯಾಗೀಲಿ ಸೀಸ ಇದೆ ಅಂತ ಬ್ಯಾನ್ ಮಾಡ್ದಾಗ ಮನೇಲಿದ್ದ ಪ್ಯಾಕೆಟ್ಟೆಲ್ಲಾ ತಿಪ್ಪೆಗೆ ಸುರಿದ್ರಿ. ಆಗಸ್ಟಲ್ಲಿ ಬಾಂಬೆ ಹೈಕೋರ್ಟ್ ಆ ಬ್ಯಾನ್ ತೆಗೀತು, ಮರುಪರೀಕ್ಷೇಲಿ ಮಿತಿಯೊಳಗೇ ಇದೆ ಅಂತ ಬಂತು, ನವೆಂಬರಲ್ಲಿ ಅಂಗಡಿಗೆ ವಾಪಸ್ ಬಂತು, ನೀವೂ ಕ್ಯೂನಲ್ಲಿ ನಿಂತ್ರಿ. ಆ ಐದು ತಿಂಗಳು ಬೈರಮಂಗಲದ ನೀರು ಹರೀತಾನೇ ಇತ್ತು. ಅದರ ಬಗ್ಗೆ ಒಂದು ಫಾರ್ವರ್ಡ್ ಮಾಡಿದ್ರಾ?

ಯಾಕೆ ಇಷ್ಟು ಕೆಣಕ್ತೀನಿ ಅಂದ್ರೆ, ಪೆಟ್ಟು ಬೀಳೋದು ಚಿಕ್ಕೋರಿಗೆ. ಲೋಕದ ಮೂರು ಮಕ್ಕಳಲ್ಲಿ ಒಂದರ ರಕ್ತದಲ್ಲಿ ಸೀಸ ಮಿತಿ ಮೀರಿದೆ, ಒಟ್ಟು 80 ಕೋಟಿ ಮಕ್ಕಳು ಅಂತ 2020ರಲ್ಲಿ ಯುನಿಸೆಫ್ ವರದಿ ಹೇಳ್ತು. ದೊಡ್ಡೋರಿಗಿಂತ ಮಕ್ಕಳ ಕರುಳು ಸೀಸನ ಹೆಚ್ಚು ಹೀರುತ್ತೆ. ಓದಿದ್ದು ತಲೆಗೆ ಹತ್ತಲ್ಲ, ಒಂದು ಕಡೆ ಕೂರಲ್ಲ, ರಕ್ತ ಕಮ್ಮಿ. ನೀವು ಮೊಬೈಲ್ ಕಿತ್ಕೊಂಡು ಬೈತೀರಿ.

ಹಂಗಂತ ಕೈಲಾಗಲ್ಲ ಅಂತಲ್ಲ. ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನಲ್ಲಿ ಪ್ರೊಫೆಸರ್ ಆಗಿದ್ದ ಡಾ. ತುಪ್ಪಿಲ್ ವೆಂಕಟೇಶ್ ಜೀವಮಾನ ಪೂರ್ತಿ ಈ ಸೀಸದ ಬೆನ್ನು ಹತ್ತಿದೋರು. 1990ರ ದಶಕದ ಕೊನೇಲಿ ದೊಡ್ಡ ಊರುಗಳ ಮಕ್ಕಳ ರಕ್ತ ಪರೀಕ್ಷೆ ಮಾಡಿ ಅರ್ಧಕ್ಕಿಂತ ಹೆಚ್ಚು ಮಕ್ಕಳಲ್ಲಿ ಸೀಸ ಜಾಸ್ತಿ ಇದೆ ಅಂತ ತೋರಿಸಿದ್ರು. 2000ದಲ್ಲಿ ದೇಶದ ಪೆಟ್ರೋಲಿಂದ ಸೀಸ ಹೋಯ್ತು. ನೀವು ಲೂನಾದಲ್ಲಿ ಓಡಾಡ್ತಿದ್ದ ಕಾಲದ ಮಾತು.

ಇಷ್ಟು ಓದಿ ನೀವೇನ್ಮಾಡ್ತೀರಿ ಅಂತ ನಂಗೊತ್ತು. ನಾಳೆ ಬೆಳಿಗ್ಗೆ ಎದ್ದು ಮೈಯ ವಿಷ ತೆಗೆಯೋಕೆ ಅಂತ ಡಿಟಾಕ್ಸ್ ಜ್ಯೂಸ್ ಕುಡೀತೀರಿ. ಯಾವುದರ ಜ್ಯೂಸು? ಹಸೀ ಪಾಲಕ್! ಅದು ಬೇಡ, ಸಂತೇಲಿ ಲೇಬಲ್ ಇಲ್ಲದ ಪೊಟ್ಟಣದ ಪುಡಿನೂ ಬೇಡ. ಅಂಥ ಪುಡಿಗಳಲ್ಲೇ ಪಾದರಸ, ಸೀಸ ಇರೋದುಂಟು. ನಿಜವಾಗಿ ಅನುಮಾನ ಇದ್ರೆ ಡಾಕ್ಟ್ರ ಹತ್ರ ಕೇಳಿ ರಕ್ತದಲ್ಲಿ ಸೀಸ ಎಷ್ಟಿದೆ ಅಂತ ಪರೀಕ್ಷೆ ಮಾಡಿಸಿ.

ಮಾಡೋ ಕೆಲಸ ಸಣ್ಣಸಣ್ಣವು. ಒಂದೇ ಸೊಪ್ಪಿಗೆ, ಒಂದೇ ಅಂಗಡಿಗೆ ಗಂಟು ಬೀಳಬೇಡಿ. ಮಳೆ ಬಿದ್ದಾಗ ಹೊಲದ ಬದುವಿನ ಬೆರಕೆ ಸೊಪ್ಪು ತಿನ್ನಿ. ಮೂಲಂಗಿ, ಕ್ಯಾರೆಟ್ಟು ಹೆರೆದು ಸಿಪ್ಪೆ ತೆಗೀರಿ. ಮಕ್ಕಳನ್ನ ಖಾಲಿ ಹೊಟ್ಟೇಲಿ ಸ್ಕೂಲಿಗೆ ಕಳಿಸಬೇಡಿ. ಅನುಮಾನದ ಪದಾರ್ಥ ಕಂಡ್ರೆ ಆಹಾರ ಸುರಕ್ಷತಾ ಪ್ರಾಧಿಕಾರದ 1800112100ಕ್ಕೆ ಫೋನ್ ಹಾಕಿ, ಕಾಸು ಬೀಳಲ್ಲ.

ಆದ್ರೆ ನಿಮ್ಮ ಸಿಂಕಲ್ಲಿ ಎಷ್ಟು ತೊಳೆದ್ರೂ ವೃಷಭಾವತಿ ತೊಳೆದಂಗಾಗಲ್ಲ. ಬೆಂಗಳೂರಿನ ಕೊಳಚೆ, ಕಾರ್ಖಾನೆ ನೀರು ಅಲ್ಲೇ ಶುದ್ಧ ಆಗಿ ಇತ್ತ ಬರ್ಬೇಕು. ವೋಟು ಕೇಳೋಕೆ ಬಂದೋರ ಹತ್ರ ನೀವು ರಸ್ತೆ ಕೇಳ್ತೀರಿ, ಮೆಟ್ರೋ ಕೇಳ್ತೀರಿ, ದೇವಸ್ಥಾನಕ್ಕೆ ಗ್ರಾನೈಟ್ ಕೇಳ್ತೀರಿ. ಈ ಸಲ ಒಂದು ಮಾತು ಜಾಸ್ತಿ ಕೇಳಿ: ಬೈರಮಂಗಲದ ನೀರಲ್ಲಿ ಮತ್ತೆ ಭತ್ತ ಬರೋದು ಯಾವ ವರ್ಷ? ಉತ್ತರಾನ ಬರೆಸ್ಕೊಳ್ಳಿ, ಬಾಯಿಮಾತು ಬೇಡ. ಅಲ್ಲಿವರೆಗೂ ಅರಿಶಿನ ಪೇಲವವಾಗೇ ಇರ್ಲಿ, ಮಾವು ಮೇ ತಿಂಗಳಿಗೇ ಬರ್ಲಿ, ಬೋಂಡ ಬಾಳೆಲೇಲೇ ಬರ್ಲಿ ಅಂತ ಹಟ ಹಿಡೀರಿ. ಹಟ ಹಿಡಿಯೋದ್ರಲ್ಲಿ ನಿಮ್ಮನ್ನ ಮೀರಿಸೋರು ಈ ಸೀಮೇಲಿ ಯಾರೂ ಇಲ್ಲ, ನಿಮ್ಮ ಮನೆಯವರೇ ಹೇಳಿದ್ದು.